ಕುಂಕುಮದ ಹೆಜ್ಜೆಯ ಅಳತೆ

ಅಣ್ಣನ ಮಗಳು ಸುಮಾಳ ಮದುವೆ ಗೊತ್ತಾದ ಮೇಲೆ ಅವಳನ್ನು ಕರೆದುಕೊಂಡು ಅಥಣಿಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಸೀರೆ, ಬಂಗಾರ, ಪಾತ್ರೆ ಎಲ್ಲ ಚಿಕ್ಕೋಡಿಯಲ್ಲೇ ಮುಗಿದಿತ್ತು. ಚಪ್ಪಲಿ ಮಾತ್ರ ಕೈಯಿಂದ ಹೊಲಿದದ್ದೇ ಬೇಕು, ಅದೂ ಅಥಣಿಯದೇ ಬೇಕು ಎಂದು ಹುಡುಗಿ ಹಟ ಹಿಡಿದಳು. ಮನೆಯಲ್ಲಿ ಬೇರೆ ಯಾರಿಗೂ ಬಿಡುವಿರಲಿಲ್ಲ. ನನಗೆ ಬಿಡುವಿತ್ತು, ಮನಸ್ಸಿರಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಆ ಊರಿನ ಬಸ್ಸು ಹತ್ತಿದವನಲ್ಲ. ಮದುವೆಗೆ, ಮಣ್ಣಿಗೆ, ದ್ರಾಕ್ಷಿ ಸಸಿಗೆ, ಏನೇ ಕೆಲಸವಿದ್ದರೂ ಬೇರೆಯವರನ್ನು ಮುಂದೆ ಮಾಡಿ ಪಾರಾಗುತ್ತಿದ್ದೆ.

ಚಪ್ಪಲಿ ಓಣಿಯೊಳಗೆ ಕಾಲಿಟ್ಟ ಕೂಡಲೆ ಆ ವಾಸನೆ ಮೂಗಿಗೆ ಬಡಿಯಿತು. ಹದ ಮಾಡಿದ ತೊಗಲು, ಅದಕ್ಕೆ ತಿಕ್ಕಿದ ಔಡಲೆಣ್ಣೆ. ಅಂಗಡಿಯವನು ನೆಲಕ್ಕೆ ಹಾಳೆ ಹಾಸಿ, "ಕಾಲ ಇಡ್ರಿ ಅಕ್ಕಾರ," ಎಂದ. ಸುಮಾ ಇಟ್ಟಳು. ಅವನು ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯತೊಡಗಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತೆ. "ನಮ್ಮ ಕಾಕಾಗ ತೊಗಲಿನ ವಾಸನಿ ಆಗಿ ಬರಂಗಿಲ್ರಿ," ಎಂದು ಹುಡುಗಿ ಒಳಗೆ ಹೇಳುತ್ತಿದ್ದದ್ದು ಕೇಳಿಸಿತು. ಆಗಿ ಬರದೆ ಏನು? ಒಂದು ಇಡೀ ಕಬ್ಬಿನ ಹಂಗಾಮು ನಾನು ಆ ವಾಸನೆಯ ಜೊತೆಗೇ ಬಾಳುವೆ ಮಾಡಿದ್ದೇನೆ.

ಅದು ಎಂಬತ್ತಾರು-ಎಂಬತ್ತೇಳರ ಹಂಗಾಮು. ಊರು ಬೇಡಕಿಹಾಳ. ನನಗೆ ಇಪ್ಪತ್ನಾಲ್ಕು ವರ್ಷ. ಅದೇ ವೈಶಾಖದಲ್ಲಿ ರಾಯಬಾಗದ ಕಡೆಯ ಕಸ್ತೂರಿಯನ್ನು ಮದುವೆಯಾಗಿದ್ದೆ. ಅವರೂ ನಮ್ಮವರೇ. ಆದರೆ ಅವರು ಇನ್ನೂ ಕುರಿಯ ಹಿಂದೆ ತಿರುಗುವವರು, ನಾವು ಅಜ್ಜನ ಕಾಲಕ್ಕೇ ಕುರಿ ಮಾರಿ ಕಬ್ಬು ಹಚ್ಚಿದವರು. ಅಷ್ಟಕ್ಕೇ ನಮ್ಮ ಮನೆಯಲ್ಲಿ ಒಂದಿಷ್ಟು ಸೊಕ್ಕು ಸೇರಿಕೊಂಡಿತ್ತು.

ಮದುಮಗಳನ್ನು ಮನೆ ತುಂಬಿಸಿಕೊಳ್ಳುವಾಗ ಅಗಲವಾದ ಹಿತ್ತಾಳೆ ಪರಾತದಲ್ಲಿ ಕುಂಕುಮದ ನೀರು ಕಲಸಿಟ್ಟು, ಹೊಸ್ತಿಲಿನಿಂದ ದೇವರ ಜಗಲಿಯವರೆಗೆ ಬಿಳಿ ಧೋತರ ಹಾಸುವುದು ನಮ್ಮಲ್ಲಿಯ ಪದ್ಧತಿ. ಕಸ್ತೂರಿ ಚಪ್ಪಲಿ ಬಿಟ್ಟು, ಪರಾತದಲ್ಲಿ ಕಾಲದ್ದಿ, ಆ ಧೋತರದ ಮೇಲೆ ನಡೆದು ಒಳಗೆ ಬಂದಳು. ಮೊದಲ ಹೆಜ್ಜೆ ದಟ್ಟವಾಗಿ, ಮುಂದಿನವು ತಿಳಿಯಾಗುತ್ತ ಹೋಗಿ, ಜಗಲಿಯ ಹತ್ತಿರ ಬರೀ ಬೆರಳಿನ ಗುರುತು ಉಳಿದಿತ್ತು. ಅವ್ವ ಅದನ್ನು ನೆರಳಲ್ಲಿ ಒಣಗಿಸಿ ಟ್ರಂಕಿನಲ್ಲಿ ಮಡಿಚಿಟ್ಟಳು. ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿ ಆವತ್ತೇ ಕಾಣೆಯಾಯಿತು. ಯಾರು ತೆಗೆದರೋ ಗೊತ್ತಿಲ್ಲ. ಕೇಳಿದವರೂ ಇಲ್ಲ.

ಸೊಸೆಯಾದವಳು ಹಿರಿಯರ ಎದುರು ಚಪ್ಪಲಿ ಮೆಟ್ಟಿ ಓಡಾಡಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದು ನಾನಂತೂ ಕೇಳಿಲ್ಲ. ಅವ್ವ ಮೆಟ್ಟಿರಲಿಲ್ಲ, ಅಣ್ಣನ ಹೆಂಡತಿ ವೈನಿ ಮೆಟ್ಟುತ್ತಿರಲಿಲ್ಲ, ಆದ್ದರಿಂದ ಕಸ್ತೂರಿಯೂ ಮೆಟ್ಟಲಿಲ್ಲ. ಅಪ್ಪ ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ಮನೆ ಮುಂದಿನ ಕಟ್ಟೆಯ ಮೇಲೆ ಎಲೆ ಅಡಿಕೆಯ ಚೀಲ ಪಕ್ಕಕ್ಕಿಟ್ಟುಕೊಂಡು ಕುಳಿತಿರುತ್ತಿದ್ದರು. ಬಹಳ ಮಾತಿನವರಲ್ಲ. ಆ ಕಟ್ಟೆಯ ಮುಂದೆ ಹಾಯದೆ ಮನೆಯಿಂದ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

ಹಗಲು ಹೊತ್ತು ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವುದೂ ಇರಲಿಲ್ಲ. ನಮಗೆ ಮಾತಿಗೆ ಸಿಕ್ಕ ಜಾಗವೆಂದರೆ ಹೊಲ. ಮಧ್ಯಾಹ್ನ ಅವಳು ಬುತ್ತಿ ತರುತ್ತಿದ್ದಳು. ಪಂಪಿನ ಖೋಲಿಯ ನೆರಳಲ್ಲಿ ನಾನು ಉಣ್ಣುವುದು, ಅವಳು ಎದುರಿಗೆ ಕುಳಿತು ನೋಡುವುದು. ಮೊದಲ ತಿಂಗಳು ಉಪ್ಪು ಖಾರದ ಸುದ್ದಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಒಂದು ದಿನ ಅವಳೇ ಶುರು ಮಾಡಿದಳು.

"ಒಂದ ಮಾತ ಖರೇ ಹೇಳ್ಲೇನ್ರಿ?"

"ಹೇಳು."

"ನೀವು ನನ್ನ ನೋಡಾಕ ಬಂದಾಗ ನನ್ನ ಮನಸಿಗಿ ಬಂದಿರಲಿಲ್ರಿ. ಗಿಡ್ಡ ಅದಾನ ಅಂತ ನಮ್ಮವ್ವನ ಮುಂದ ಅಂದಿದ್ದೆ."

ನನ್ನ ಬಾಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ಮತ್ತ ಈಗ?" ಎಂದೆ.

"ಈಗೂ ಗಿಡ್ಡ ಅದೀರಿ. ಆದ್ರ ನಡೀತೈತಿ."

ಸಿಟ್ಟು ಬರಬೇಕಿತ್ತು, ನಗು ಬಂತು. ಅದೇ ಹುಮ್ಮಸ್ಸಿನಲ್ಲಿ ನಾನೂ ಬಾಯಿ ಬಿಟ್ಟೆ. "ನಾ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ನಿಮ್ಮಪ್ಪಗ ಸುಳ್ಳ ಹೇಳೇವಿ."

"ಗೊತ್ತೈತ್ರಿ. ಪಾಸಾಗಿದ್ರ ಲಗ್ನಪತ್ರಿಕ್ಯಾಗ ಹಾಕಸ್ತಿದ್ರಿ."

ಅಂದಿನಿಂದ ಅದೊಂದು ನೇಮವಾಯಿತು. ದಿನಕ್ಕೊಂದು ಖರೆ, ಮನಸ್ಸಿನಲ್ಲಿದ್ದ ಒಂದು ನಿಜದ ಮಾತು. ಅವಳದೊಂದು, ನನ್ನದೊಂದು. ಅವಳಿಗೆ ನಮ್ಮ ಮನೆಯ ಸಾರಿನ ಹುಳಿ ಆಗುತ್ತಿರಲಿಲ್ಲ. ನನಗೆ ಅಣ್ಣನ ಮೇಲೆ ಹೊಟ್ಟೆಕಿಚ್ಚಿತ್ತು. ಅವಳಿಗೆ ಸಂಜೆಯಾದರೆ ಕುರಿಮರಿಗಳ ಕೂಗು ಕೇಳಿದಂತಾಗಿ ಅಳು ಬರುತ್ತಿತ್ತು. ನನಗೆ ಅಪ್ಪನ ಹೆದರಿಕೆ ಈಗಲೂ ಹೋಗಿಲ್ಲ ಎಂದು ಒಂದು ದಿನ ಹೇಳಿಕೊಂಡೆ. ಅವಳು ನಗಲಿಲ್ಲ. "ಅದು ಮೊದಲ ದಿನಾನ ತಿಳದೈತ್ರಿ," ಎಂದಷ್ಟೇ ಅಂದಳು. ಹೀಗೆ ಮಾತಾಡಿ ಮಾತಾಡಿಯೇ ನಾವು ಗಂಡ ಹೆಂಡತಿ ಆದದ್ದು. ಮಂತ್ರಾಕ್ಷತೆ ಬಿದ್ದದ್ದು ವೈಶಾಖದಲ್ಲಾದರೂ ನನ್ನ ಲೆಕ್ಕದಲ್ಲಿ ನಮ್ಮ ಮದುವೆ ಆಷಾಢದಲ್ಲಿ ಪಂಪಿನ ಖೋಲಿಯ ಮುಂದೆ ಆಯಿತು.

ನಿಪ್ಪಾಣಿಗೆ ಹೋದಾಗ ಅವಳಿಗೆಂದು ಪೌಡರಿನ ಡಬ್ಬಿ ತಂದೆ. ಮೇಲೆ ಗುಲಾಬಿ ಹೂವಿನ ಚಿತ್ರ. ಅವಳು ತಿರುಗಿಸಿ ಮುರುಗಿಸಿ ನೋಡಿದಳು.

"ಖರೇ ಹೇಳ್ಲೇನ್ರಿ? ಇದನ್ನ ಓಣ್ಯಾಗಿನ ಯಾ ಹೆಣ್ಣಮಗಳಿಗಿ ಕೊಟ್ರೂ ನಡೀತೈತಿ. ನನಗಂತನ ತಂದಿದ್ದಲ್ಲ ಇದು."

ನನಗೆ ನೋವಾಯಿತು, ನಿಜ. ಎರಡು ದಿನ ಮುಖ ಊದಿಸಿಕೊಂಡಿದ್ದೆ. ಆದರೆ ದೀಪಾವಳಿಗೆ ತವರಿಗೆ ಹೋಗಿ ಬಂದವಳು ಒಂದು ಕಂಬಳಿ ತಂದು ನನ್ನ ಹೆಗಲಿಗೆ ಹಾಕಿದಾಗ ಅವಳ ಮಾತು ತಿಳಿಯಿತು. ಮಾಮೂಲಿ ಕಂಬಳಿ ನನಗೆ ಉದ್ದವಾಗಿ ಅಂಚು ಕೆಸರಲ್ಲಿ ಎಳೆಯುತ್ತಿತ್ತು. ನಸುಕಿನಲ್ಲಿ ನೀರು ಹಾಯಿಸಲು ಹೋಗುವಾಗ ನಾನು ಅದನ್ನು ಬಿಟ್ಟೇ ಹೋಗುತ್ತಿದ್ದೆ, ದಿನವಿಡೀ ಕೆಮ್ಮುತ್ತಿದ್ದೆ. ಅವಳು ತನ್ನಪ್ಪನಿಗೆ ಹೇಳಿ ನನ್ನ ಎತ್ತರಕ್ಕೆ ಸರಿಯಾಗಿ ಒಂದು ಮೊಳ ಗಿಡ್ಡ ನೇಯಿಸಿಕೊಂಡು ಬಂದಿದ್ದಳು. ಅಷ್ಟೊಂದು ಲಕ್ಷ್ಯಕೊಟ್ಟು ಆವರೆಗೆ ನನ್ನನ್ನು ಯಾರೂ ನೋಡಿರಲಿಲ್ಲ, ಹೆತ್ತವ್ವನೂ.

ಆಮೇಲೆ ನಾನೂ ಅವಳನ್ನು ಹಾಗೆ ನೋಡಲು ಕಲಿತೆ. ಕಾಣಿಸಿದ್ದು ಕಾಲು. ಕಾರ್ತಿಕ ಮುಗಿದು ಕಬ್ಬು ಕಡಿಯುವ ಟೋಳಿಗಳು ಬಂದಿದ್ದವು. ಕಡಿದ ಹೊಲದಲ್ಲಿ ಕಬ್ಬಿನ ಒಣಗರಿಯ ರವದಿ ಮೊಣಕಾಲುದ್ದ ಬಿದ್ದಿರುತ್ತದೆ. ಕೆಳಗೆ ಕತ್ತಿಯ ಓರೆ ಏಟಿಗೆ ಚೂಪಾದ ಕಬ್ಬಿನ ಬುಡಗಳು. ಊರಿನಿಂದ ನಮ್ಮ ಹೊಲಕ್ಕೆ ಬರುವ ಹಾದಿ ಅಂಥ ಹೊಲಗಳೊಳಗೇ ಹಾಯ್ದಿತ್ತು. ತಲೆಯ ಮೇಲೆ ಬುತ್ತಿ, ಸೊಂಟದಲ್ಲಿ ನೀರಿನ ಕೊಡ, ಕೆಳಗೆ ನೋಡಲು ಬಾರದಂತೆ ಅವಳು ನಡೆದು ಬರುತ್ತಿದ್ದಳು. ಕುರಿ ಕಾಯುವವರ ಮಗಳು, ಬರಿಗಾಲು ರೂಢಿ ಇರುತ್ತದೆ ಎಂದು ನಾನು ತಿಳಿದಿದ್ದೆ. ಕೇಳಿದಾಗ ಅವಳು ಹೇಳಿದಳು: "ನಮ್ಮಲ್ಲಿ ಹುಡಿಗಿ ಕುರಿ ಹಿಂದ ಹೊಂಟ್ಳಂದ್ರ ಮೊದಲ ಕಾಲಿಗಿ ಚಪ್ಪಲ, ಆಮ್ಯಾಲ ಕೈಗಿ ಬಳಿ. ನಾ ಬರಿಗಾಲಾಗಿದ್ದು ನಿಮ್ಮ ಮನೀಗಿ ಬಂದ ಮ್ಯಾಲ."

ಒಂದು ದಿನ ಅವ್ವನ ಟ್ರಂಕಿನಿಂದ ಆ ಧೋತರ ಕದ್ದು, ಅಂಗಿಯೊಳಗೆ ಸುತ್ತಿಕೊಂಡು ಅಥಣಿಗೆ ಹೋದೆ. ಚಪ್ಪಲಿ ಹೊಲಿಯುವ ಮುದುಕನೊಬ್ಬ ಅದನ್ನು ಬಿಚ್ಚಿ ನೆಲದ ಮೇಲೆ ಹಾಸಿ ನೋಡಿದ. ಹೆಜ್ಜೆಯಿಂದ ಅಳತೆ ತೆಗೆಯುವುದು ಅವನಿಗೂ ಹೊಸದು.

"ಕುಂಕುಮ ಅರಬಿ ಮ್ಯಾಲ ಹಬ್ಬಿರತೈತಿ ತಮ್ಮಾ. ಇದರಾಗ ಅರ್ಧ ಬೆರಳ ಕಡಿಮಿ ಹಿಡೀಬೇಕು," ಎಂದ. ಮತ್ತೆ ಬೆರಳಿಟ್ಟು ತೋರಿಸಿದ. "ಎಡಗಾಲ ಹಿಮ್ಮಡಕ್ಕ ಭಾರ ಹಾಕ್ತಾಳ ನೋಡು. ಅಲ್ಲೊಂದ ಪದರ ಹೆಚ್ಚಿಗಿ ಕೊಡ್ತೀನಿ."

ಹದಿನೈದು ದಿನಕ್ಕೆ ಚಪ್ಪಲಿ ಸಿದ್ಧವಾದವು. ದನದ ಹಿಂಡಿಯ ಚೀಲದಡಿ ಮುಚ್ಚಿ ಹೊಲಕ್ಕೆ ಒಯ್ದೆ. ಅವಳು ಕಾಲಿಟ್ಟಳು. ಹೆಬ್ಬೆರಳಿನ ಉಂಗುಟ ಸರಿಯಾಗಿ ಕೂತಿತು, ಹಿಮ್ಮಡ ಸರಿಯಾಗಿ ಕೂತಿತು. "ನನ್ನ ಕಾಲ ಯಾವಾಗ ಅಳದ್ರಿ?" ಎಂದು ಬೆರಗಾದಳು. ಧೋತರದ ಕಳ್ಳತನ ಹೇಳಿದೆ. ಅವಳು ನಕ್ಕಳು, ನಗುತ್ತಲೇ ಅತ್ತಳು. "ಇದು ನೋಡ್ರಿ ನನಗಂತ ತಂದಿದ್ದು," ಎಂದಳು. ಆ ಮಧ್ಯಾಹ್ನ ಅವಳು ಕಡಿದ ಹೊಲದಲ್ಲಿ ಕರಕರ ಸಪ್ಪಳ ಮಾಡುತ್ತ ಆ ಬದುವಿನಿಂದ ಈ ಬದುವಿಗೆ ಸುಮ್ಮನೆ ನಡೆದಾಡಿದಳು. ನನ್ನ ಇಡೀ ಜೀವನದಲ್ಲಿ ಅದಕ್ಕಿಂತ ಸುಖದ ಮಧ್ಯಾಹ್ನ ಇಲ್ಲ.

ಹೊತ್ತು ಇಳಿದಾಗ ಚಪ್ಪಲಿ ಕಳಚಿ ಖೋಲಿಯೊಳಗೆ ಇಟ್ಟಳು. ಬುತ್ತಿಯ ಬುಟ್ಟಿಯಲ್ಲಿ ತೊಗಲು ಇಡುವಂತಿರಲಿಲ್ಲ. ಊರ ಅಂಚಿನ ಬೇಲಿಯಲ್ಲಿ ಬಚ್ಚಿಡು, ಅಲ್ಲಿಂದ ಮೆಟ್ಟಿಕೊಂಡು ಬಾ ಎಂದೆ. ಅವಳು ಒಪ್ಪಲಿಲ್ಲ.

"ಗಂಡ ಕೊಟ್ಟದ್ದನ್ನ ಕಳ್ಳ ಮಾಲಿನಂಗ ಯಾಕ ಮುಚ್ಚಿಡ್ಲಿ? ಮಾವಾರ ಮುಂದ ನೀವ ಒಂದ ಮಾತ ಹೇಳ್ರಿ, 'ನಾ ತಂದೀನಿ, ಆಕಿ ಮೆಟ್ಟತಾಳ' ಅಂತ. ನಾ ಹೇಳಿದ್ರ ಗಂಡನ್ನ ಕೈಯಾಗ ಹಿಡದಾಳ ಅಂತಾರ. ನೀವ ಹೇಳಿದ್ರ ಮುಗೀತು. ಕಟ್ಟಿ ಮುಂದಿಂದನ ಮೆಟ್ಟಿಕೊಂಡ ಬರ್ತೀನಿ."

"ಹೇಳ್ತೀನಿ," ಎಂದೆ. ಹೇಳಲಿಲ್ಲ.

ಒಂದು ಸಲವಲ್ಲ, ನಾಲ್ಕು ಸಲ ಅಪ್ಪನ ಮುಂದೆ ಹೋಗಿ ನಿಂತೆ. ಅವರು ತಲೆ ಎತ್ತಿ "ಏನೋ?" ಎಂದರೆ ಕಬ್ಬಿನ ಗಾಡಿಯ ಸುದ್ದಿ ಹೇಳಿ ಬಂದೆ. ಇಪ್ಪತ್ನಾಲ್ಕು ವರ್ಷದ ಗಂಡಸು, ಕಟ್ಟಿಕೊಂಡವಳ ಕಾಲಿಗೆ ಚಪ್ಪಲಿ ಎಂಬ ಮಾತು ಬಾಯಿಂದ ಹೊರಡಲಿಲ್ಲ. ಹೆಂಡತಿಯ ಗುಲಾಮ ಎನ್ನುತ್ತಾರೆ, ವೈನಿಗಿಲ್ಲದ್ದು ಇವಳಿಗೇಕೆ ಎನ್ನುತ್ತಾರೆ ಎಂದು ನಾನೇ ಎಲ್ಲರ ಪರವಾಗಿ ಮನಸ್ಸಿನಲ್ಲಿ ಮಾತಾಡಿ ಮುಗಿಸಿಬಿಡುತ್ತಿದ್ದೆ. ಹೇಳದ ತಪ್ಪು ಮುಚ್ಚಲು ಸಂಕ್ರಾಂತಿಗೆ ಹಸಿರು ಬಳೆ ತಂದೆ, ಕನ್ನಡಿ ತಂದೆ. ಅವಳು ತೆಗೆದುಕೊಂಡು ಮೂಲೆಯ ಗೂಡಿನಲ್ಲಿಟ್ಟಳು. ಅವು ಓಣಿಯ ಯಾವ ಹೆಣ್ಣುಮಗಳಿಗೆ ಕೊಟ್ಟರೂ ನಡೆಯುವಂಥವು ಎಂದು ನನಗೂ ಗೊತ್ತಿತ್ತು.

ಮೂರನೆಯ ಸಲ ಅವಳು ಕೇಳಿದಾಗ ರೇಗಿಬಿಟ್ಟೆ. "ಹಂಗಾಮ ಮುಗಿಯೂ ಮಟಾ ಈ ಚಪ್ಪಲದ ಸುದ್ದಿ ತೆಗೀಬ್ಯಾಡ ನನ್ನ ಮುಂದ."

ಅವಳು ಬುತ್ತಿಯ ಬುಟ್ಟಿ ಹತ್ತಿರ ಎಳೆದುಕೊಂಡಳು. "ದಿನಾ ಒಂದ ಖರೇ ಹೇಳೂದು ಐತೆಲ್ರಿ, ಅದರಾಗ ಇದನ್ನ ಬಿಟ್ಟ ಹೇಳ್ಬೇಕೇನು?"

"ಹೂಂ. ಇದೊಂದ ಬಿಟ್ಟ."

"ಆತ್ರಿ," ಎಂದಳು.

ಅವಳು ಮಾತಿಗೆ ತಪ್ಪುವವಳಲ್ಲ. ನಾನೇ ಅಂಥವನು.

ಸಂಕ್ರಾಂತಿ ಆಗಿ ಒಂದು ವಾರವಾಗಿರಬೇಕು. ಬುತ್ತಿ ಇಳಿಸಿ ಕುಳಿತವಳು ಅಂದಿನ ಖರೆ ಹೇಳಿದಳು: "ಇವತ್ತ ನನಗ ನಿಮ್ಮ ಮ್ಯಾಲ ಭಾಳ ಸಿಟ್ಟ ಬಂದೈತ್ರಿ. ಯಾಕಂತ ಕೇಳಬ್ಯಾಡ್ರಿ." ನನಗೆ ತಿಳಿಯಿತು, ಚಪ್ಪಲಿಯದೇ ಇರಬೇಕು. ಆದ್ದರಿಂದಲೇ ಕೇಳಲಿಲ್ಲ. ನಕ್ಕು, ಶೇಂಗಾದ ಚಟ್ನಿ ಚಲೋ ಆಗಿದೆ ಎಂದೆ. ಅವಳು ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು. ನೋಡಲು ಕಲಿತಿದ್ದ ನಾನು ಆವತ್ತು ನೋಡಲಿಲ್ಲ. ಬುತ್ತಿ ತರುವ ಹಾದಿಯಲ್ಲಿ ಕಬ್ಬಿನ ಬುಡವೊಂದು ಅವಳ ಬಲಗಾಲಿನ ಅಂಗಾಲಿಗೆ ಬೆರಳುದ್ದ ಹೊಕ್ಕಿತ್ತು. ಅರಿಷಿಣ, ಎಣ್ಣೆ ಸವರಿ ಚಿಂದಿ ಕಟ್ಟಿಕೊಂಡು ಅವಳು ಮರುದಿನವೂ ಬುತ್ತಿ ತಂದಳು, ಅದರ ಮರುದಿನವೂ ತಂದಳು. ಕಾಲಿನ ಸುದ್ದಿ ತೆಗೆದರೆ ಚಪ್ಪಲಿಯ ಸುದ್ದಿ ತೆಗೆದಂತೆ. ನಾನು ಬೇಡ ಎಂದಿದ್ದೆನಲ್ಲ.

ಹತ್ತು ದಿನದ ಮೇಲೆ ಒಂದು ಮಧ್ಯಾಹ್ನ ಅವಳ ಮಾತು ಹಲ್ಲಿನೊಳಗೇ ಉಳಿಯತೊಡಗಿತು. "ಬಾಯಿ ತೆರಿಯಾಕ ಬರವಲ್ದ್ರಿ," ಎಂದಳು.

"ದಿನಾ ಖರೇ ಹೇಳಿ ಹೇಳಿ ದಣದೈತಿ, ಬಿಡು," ಎಂದು ನಾನು ಚೇಷ್ಟೆ ಮಾಡಿದೆ. ದೇವರು ನನಗೆ ಬೇರೆ ಏನು ಮರೆಸಿದರೂ ಈ ಮಾತು ಮರೆಸುವುದಿಲ್ಲ.

ಸಂಜೆಗೆ ಕುತ್ತಿಗೆ ಬಿಗಿಯಿತು. ಮರುದಿನ ನಸುಕಿನಲ್ಲೇ ಜೀಪು ಮಾಡಿಕೊಂಡು ಚಿಕ್ಕೋಡಿಗೆ ಒಯ್ದೆವು. ಡಾಕ್ಟರು ಅವಳ ಮುಖ ನೋಡಿದವರೇ, "ಕಾಲಿಗೆ ಏನಾದ್ರೂ ಚುಚ್ಚಿತ್ತೇನು?" ಎಂದು ಕೇಳಿದರು. "ಇಲ್ರಿ," ಎಂದೆ ನಾನು, ಎಲ್ಲ ತಿಳಿದವನ ಹಾಗೆ. ಕಸ್ತೂರಿ ಕೈಯೆತ್ತಿ ಬಲಗಾಲು ತೋರಿಸಿದಳು. ಅವರು ಚಿಂದಿ ಬಿಚ್ಚಿದರು. ಧನುರ್ವಾಯು ಎಂದರು, ಒಂದು ಗಳಿಗೆಯೂ ತಡಮಾಡದೆ ಮಿರಜಿಗೆ ಒಯ್ಯಿರಿ ಎಂದರು. ಕಾಗವಾಡ ದಾಟುವಾಗ ಜೀಪು ಕುಲುಕಿದಾಗಲೆಲ್ಲ ಅವಳ ಮೈ ಬಿಲ್ಲಿನಂತೆ ಸೆಟೆದು ಏಳುತ್ತಿತ್ತು. ಕಣ್ಣು ಮಾತ್ರ ನನ್ನ ಮೇಲಿತ್ತು.

ಮಿರಜಿನ ದವಾಖಾನೆಯಲ್ಲಿ ಅವಳನ್ನು ಹಗಲಲ್ಲೂ ಕತ್ತಲಿರುವ ಒಂದು ಖೋಲಿಯಲ್ಲಿ ಮಲಗಿಸಿದರು. ಕಿಟಕಿಗೆಲ್ಲ ಕರಿ ಅರಿವೆ. ಬೆಳಕು ಬಿದ್ದರೆ, ಸಪ್ಪಳವಾದರೆ, ಯಾರಾದರೂ ಮುಟ್ಟಿದರೆ ಮೈ ಸೆಟೆಯುತ್ತದೆ, ಒಂದೊಂದು ಸೆಟೆತವೂ ಉಸಿರಿಗೆ ಅಪಾಯ ಎಂದು ದೊಡ್ಡ ಡಾಕ್ಟರು ತಿಳಿಸಿ ಹೇಳಿದರು. ದಿನಕ್ಕೆ ಒಂದು ಸಲ ಬಾಗಿಲಲ್ಲಿ ನಿಂತು ನೋಡಲು ಬಿಡುತ್ತಿದ್ದರು. ನಾನು ತುಟಿ ಬಿಚ್ಚುವ ಮುಂಚೆಯೇ ನರ್ಸಬಾಯಿ ಬೆರಳೆತ್ತಿ, "ಬೋಲೂ ನಕಾ," ಎಂದು ಪಿಸುಗುಡುತ್ತಿದ್ದಳು. ಮಾತಾಡಬಾರದು. ಹೇಳುವ ಮಾತು ನನ್ನ ಹೊಟ್ಟೆಯೊಳಗೆ ಅಷ್ಟಿತ್ತು, ಹೇಳುವಂತಿರಲಿಲ್ಲ. ಅವಳಿಗೆ ಬಾಯಿ ಬಿಗಿದಿತ್ತು, ನನಗೆ ಅಪ್ಪಣೆ ಇರಲಿಲ್ಲ.

ಮೂರನೆಯ ದಿನ ಊರಿಗೆ ಹೋಗಿ ಪಂಪಿನ ಖೋಲಿಯಿಂದ ಚಪ್ಪಲಿ ತಂದೆ. ಯಾಕೆ ತಂದೆ ಎಂದರೆ ಹುಚ್ಚು. ಅವಳಿಗೆ ಗುಣವಾಗಿ, ಅವನ್ನು ಮೆಟ್ಟಿಕೊಂಡು, ಬಸ್ಸಿನಿಂದಿಳಿದು, ಓಣಿಯಲ್ಲಿ ಕರಕರ ನಡೆದು ಕಟ್ಟೆಯ ಮುಂದೆ ಹಾಯುತ್ತಾಳೆ ಎಂದು ಕಣ್ಣಿಗೆ ಕಟ್ಟಿತ್ತು. ಟಾವೆಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಿದ್ದೆ. ಐದನೆಯ ದಿನ ಅಪ್ಪ ಬಂದರು. ಬಾಗಿಲಲ್ಲಿ ನಿಂತು ಸೊಸೆಯನ್ನು ನೋಡಿ, ಬಂದು ನನ್ನ ಪಕ್ಕ ಕುಳಿತರು. ನನ್ನ ಬಗಲಲ್ಲಿದ್ದ ಗಂಟಿನ ಕಡೆ ಕೈಮಾಡಿದರು.

"ಅದೇನೋ?"

"ಚಪ್ಪಲ ರೀ. ಆಕೀವು. ಅಥಣ್ಯಾಗ ಮಾಡಿಸಿದ್ದೆ."

ಬಿಚ್ಚಿ ನೋಡಿದರು. ಅಂಗಾಲಿನ ಕಡೆ ತಿರುಗಿಸಿದರು. ತಳ ಸವೆದೇ ಇರಲಿಲ್ಲ.

"ಮತ್ತ ಮೆಟ್ಟತಿರಲಿಲ್ಲ ಯಾಕ?"

"ನೀವು ಕಟ್ಟಿ ಮ್ಯಾಲ ಕುಂತಿರತಿದ್ರಿ."

"ನಾ ಕುಂತ್ರ ಏನಾತೋ?" ಅಪ್ಪನ ಧ್ವನಿ ಗದ್ದರಿಕೆಯದಾಗಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳುವವರದಾಗಿತ್ತು. "ನಾ ಬ್ಯಾಡ ಅಂದಿದ್ನೇನು?"

"ಇಲ್ರಿ."

"ಮತ್ತ ನೀ ಕೇಳಿದ್ದೇನು?"

"ಇಲ್ರಿ."

ಅಪ್ಪ ಚಪ್ಪಲಿಗಳನ್ನು ಒಂದಕ್ಕೊಂದು ಜೋಡಿಸಿ, ಮತ್ತೆ ಟಾವೆಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟರು. "ಒಂದ ಮಾತ ಹೇಳೂದಿತ್ತಲ್ಲೋ ಹುಚ್ಚಾ," ಎಂದರು. ಗೋಡೆಯ ಕಡೆ ತಿರುಗಿ ಪಟಕದ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಎದ್ದು ಓಡಿಹೋಗಿ ಆ ಕತ್ತಲ ಖೋಲಿಯ ಬಾಗಿಲಲ್ಲಿ ನಿಂತು ಒದರಬೇಕೆನಿಸಿತು, ಹೇಳಿದೆ ನೋಡು, ಅಪ್ಪನಿಗೆ ಹೇಳಿದೆ, ಹೂಂ ಅಂದರು ನೋಡು ಎಂದು. ಸಪ್ಪಳವಾದರೆ ಅವಳ ಉಸಿರಿಗೆ ಅಪಾಯವಿತ್ತು. ಬಾಯಿಗೆ ಟಾವೆಲು ತುರುಕಿಕೊಂಡು ಕುಳಿತೆ.

ಏಳನೆಯ ದಿನ ಕಸ್ತೂರಿ ಹೋದಳು. ಅಂದಿನ ಖರೆ ಹೇಳಲೇ ಇಲ್ಲ, ಅವಳೂ, ನಾನೂ.

ಮನೆಯವರ ಒತ್ತಾಯಕ್ಕೆ ಎರಡು ವರ್ಷದ ಮೇಲೆ ಮತ್ತೆ ಮದುವೆಯಾದೆ. ಒಳ್ಳೆಯವಳು. ಹಬ್ಬ ಹುಣ್ಣಿಮೆಗೆ ಸೀರೆ, ಬಳೆ ತಪ್ಪಿಸಿಲ್ಲ, ಅವಳೂ ಒಂದು ದಿನ ಕೊರತೆ ಹೇಳಿದವಳಲ್ಲ. ಚಪ್ಪಲಿ ಮೆಟ್ಟಿಕೊಂಡೇ ಕಟ್ಟೆಯ ಮುಂದೆ ಓಡಾಡಿದಳು, ವೈನಿಯೂ ಆಮೇಲೆ ಮೆಟ್ಟಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಆದರೆ ಉಣ್ಣುವ ಹೊತ್ತಿಗೆ ಎದುರಿಗೆ ಕುಳಿತು ಒಂದು ಮಾತು ಖರೆ ಹೇಳಲೇ ಎಂದು ಅವಳು ನನ್ನನ್ನು ಕೇಳಿಲ್ಲ, ನಾನೂ ಅವಳನ್ನು ಕೇಳಿಲ್ಲ. ನನ್ನೊಳಗೆ ಅದು ಇನ್ನು ಹುಟ್ಟುವುದಿಲ್ಲ. ಆ ಚಪ್ಪಲಿ ಈಗಲೂ ಟ್ರಂಕಿನಲ್ಲಿವೆ, ಆ ಧೋತರದಲ್ಲೇ ಸುತ್ತಿ. ತೊಗಲು ಬಿರಿಯಬಾರದೆಂದು ವರ್ಷಕ್ಕೊಮ್ಮೆ ಔಡಲೆಣ್ಣೆ ಹಚ್ಚುತ್ತೇನೆ.

"ಕಾಕಾ, ಅಳತಿ ಆತು, ನಡೀ," ಎಂದು ಸುಮಾ ಅಂಗಡಿಯಿಂದ ಹೊರಗೆ ಬಂದಳು. ನನ್ನ ಮುಖ ನೋಡಿ ನಿಂತಳು. "ಯಾಕ ಕಾಕಾ, ಹಿಂಗ ಯಾಕ ಕುಂತಿ?"

"ಏನಿಲ್ಲವ್ವಾ. ಒಂದ ಮಾತ ಕೇಳು. ಆ ಮನೀಗಿ ಹ್ವಾದ ಮೊದಲನೇ ದಿನದಿಂದನ ಚಪ್ಪಲ ಮೆಟ್ಟಿಕೊಂಡ ಓಡಾಡು. ಹಿರ್ಯಾರ ಮುಂದಿಂದನ ಹಾದು ಹೋಗು."

ಹುಡುಗಿ ಬಿದ್ದು ಬಿದ್ದು ನಕ್ಕಳು. "ಈಗಿನ ಕಾಲದಾಗ ಅದಕ್ಕ ಯಾರ ಏನಂತಾರ ಕಾಕಾ?"

"ಆವಾಗೂ ಯಾರೂ ಏನೂ ಅಂದಿರಲಿಲ್ಲವ್ವಾ," ಎಂದೆ.